ಬಾಗಿಲಾಚೆಯಿಂದ ಸ್ಕೋರು ಕೇಳುತ್ತಿದ್ದವರಿಗೆ

ಅಪ್ಪಾ,

ನಮ್ಮ ತಂಡದ ಬೆನ್ನು ಹತ್ತಿ ಕಡಲಾಚೆಯ ಈ ಊರಿಗೆ ಒಬ್ಬನೇ ಬಂದಿದ್ದೇನೆ.

ನೀವು ಟೀವಿ ಮುಂದೆ ಕೂತರೆ ವಿಕೆಟ್ ಬೀಳುತ್ತದೆ ಎಂದು ಪ್ರತಿ ಪಂದ್ಯಕ್ಕೂ ನಿಮ್ಮನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದವನು ನಾನೇ. ನೀವು ನಗುತ್ತಲೇ ಎದ್ದು ಹೋಗಿ, ಬಾಗಿಲಾಚೆಯಿಂದ "ಎಷ್ಟಾಯ್ತೋ? ಈಗ ಬರ್ಲಾ?" ಎಂದು ಕೇಳುತ್ತಿದ್ದಿರಿ. ಕೊನೆಯ ವರ್ಷ ನಿಲ್ಲಲಾಗದೆ ಅಲ್ಲೇ ಸ್ಟೂಲು ಹಾಕಿಕೊಂಡಿರಿ.

ನೀವು ತೀರಿಕೊಂಡು ಎರಡು ವರ್ಷ. ಆದರೂ ಇವತ್ತು ಊಟದ ವಿರಾಮದ ಹೊತ್ತಿಗೆ ನಮ್ಮ ದರಿದ್ರದವರು ಏಳು ಜನ ಔಟಾಗಿ ಕೂತಿದ್ದರು.

ನನ್ನ ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟಿದ್ದೆ. ಮೆಟ್ಟಿಲಲ್ಲಿ ನಿಂತಿದ್ದ ನಮ್ಮ ಕಡೆಯವರೊಬ್ಬರು, "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದರು.

"ನಮ್ಮಪ್ಪ ಬರ್ತಾರೆ," ಎಂದೆ. "ಆಚೆ ಕೂತಿದಾರೆ, ನಾನೇ ಇನ್ನೂ ಕರೆದಿಲ್ಲ."