ಕ್ಯಾಚರನ್ನು ಕೊಟ್ಟು ಯಂತ್ರ ತಂದವರಿಗೆ

ಕೆಟ್ಲ್ ಫೆರಿಯ ಮಹಾಜನಗಳೇ! ಮೂರನೇ ಬೇಸಿನ ಹಿಂದೆ ಮರದ ಬೆಂಚುಗಳ ಮೇಲೆ ಕಂಬಳಿ ಹಾಸಿ ಕೂರುವವರೇ, ಬಿಯರಿನ ಸಾಲಿನಲ್ಲಿ ನಿಂತೇ ಎರಡು ಇನ್ನಿಂಗ್ಸ್ ಕಳೆಯುವವರೇ, ಸೋತ ದಿನವೂ ಮನೆಗೆ ಹೋಗದೆ ಕಾರಿಗೆ ಒರಗಿ ಮುಂದಿನ ವರ್ಷದ ತಂಡ ಕಟ್ಟುವವರೇ, ಎಲ್ಲರೂ ಒಮ್ಮೆ ಹತ್ತಿರ ಬನ್ನಿ. ಹಿಂದಿನ ಸಾಲಿನವರು ಮುಂದೆ ಬನ್ನಿ. ಈ ಪತ್ರ ನಿಮಗಲ್ಲ, ನಮ್ಮ ಸ್ಟರ್ಜನ್ಸ್ ಬೇಸ್‌ಬಾಲ್ ತಂಡದ ಕಚೇರಿಯ ದೊಡ್ಡ ಕುರ್ಚಿಗೆ. ಆದರೆ ಅವರೊಬ್ಬರೇ ಓದಿದರೆ ಇದು ಕಸದ ಬುಟ್ಟಿಗೆ ಹೋಗುತ್ತದೆ. ಊರ ಪತ್ರಿಕೆಯಲ್ಲಿ ನಿಮ್ಮೆಲ್ಲರ ಎದುರು ಓದಿದರೆ ಬುಟ್ಟಿಗೆ ಹಾಕುವ ಕೈ ಸ್ವಲ್ಪವಾದರೂ ಹಿಂಜರಿದೀತು. ಸಾಕ್ಷಿಯಾಗಿರಿ.

ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ಐದು ಬೇಸಿಗೆ ನಮ್ಮ ತಂಡದ ಕ್ಯಾಚರ್ ಆಗಿದ್ದ ಎಲಾಡಿಯೊ ರೊಂಡನ್‌ನನ್ನು ಈ ಚಳಿಗಾಲ ನೀವು ಸೇತುವೆಯಾಚೆಯ ಮಾರ್ಲೋ ಬೆಂಡ್ ಮ್ಯೂಲ್ಸ್ ತಂಡಕ್ಕೆ ಕೊಟ್ಟುಬಿಟ್ಟಿರಿ. ಬದಲಿಗೆ ತಂದದ್ದು ಅಭ್ಯಾಸಕ್ಕೆ ಚೆಂಡೆಸೆಯುವ ಒಂದು ಯಂತ್ರ. ಅದೂ ಅವರು ಬಳಸಿ ಬೇಸತ್ತದ್ದು. ಇಷ್ಟು ಸಾಲದೆಂದು, ನನ್ನ ಸ್ವಂತ ಮನೆಯ ನೆಲಮಾಳಿಗೆಯಲ್ಲಿ ಹೆಂಡತಿಯೊಡನೆ ವಾಸವಾಗಿರುವ ಆ ಮನುಷ್ಯನನ್ನು ಶನಿವಾರದೊಳಗೆ ಖಾಲಿ ಮಾಡಿಸಬೇಕೆಂದು ನನಗೆ ಅಪ್ಪಣೆ ಕಳಿಸಿದಿರಿ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ನನ್ನ ಕೋಪ.

ಈ ಮಿಲಾರ್ಡ್ ಬ್ರಾಂಡ್‌ವೊಲ್ಡ್ ಯಾರೆಂದು ತಮಗೆ ಚೆನ್ನಾಗಿ ಗೊತ್ತು, ಗೊತ್ತಿಲ್ಲದವರಂತೆ ನಟಿಸುತ್ತೀರಿ. ನನ್ನ ಮುಂದೆ ನಟನೆ ಬೇಡ, ಸ್ವಾಮಿ. ನಾನು ಡೇರೆ ನಾಟಕದ ಕೂಸು. ಜೋಳದ ಹೊಲಗಳ ನಡುವಿನ ಊರೂರಿಗೆ ಲಾರಿಯಲ್ಲಿ ಡೇರೆ ಹೊತ್ತುಕೊಂಡು ಹೋಗುತ್ತಿದ್ದ ಕಂಪನಿಯಲ್ಲಿ ನನ್ನ ತಾಯಿ ಮನೆ ಕಳೆದುಕೊಳ್ಳುವ ವಿಧವೆ, ನನ್ನ ತಂದೆ ಅವಳನ್ನು ಹಿಮದಲ್ಲಿ ಹೊರದಬ್ಬುವ ಖಳ. ಅಪ್ಪ ಮೀಸೆ ತಿರುವಿದರೆ ಸಾಕು, ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಶಾಪ ಹಾಕುತ್ತಿದ್ದರು. ಆ ಖಳನಿಗೂ ಒಂದು ಮರ್ಯಾದೆಯಿತ್ತು ನೋಡಿ: ಹೊರದಬ್ಬಲು ತಾನೇ ಖುದ್ದಾಗಿ ಬರುತ್ತಿದ್ದ, ಟೋಪಿ ತೆಗೆದು ಹಿಡಿದುಕೊಂಡೇ ಮಾತಾಡುತ್ತಿದ್ದ. ತಾವು ಮಾತ್ರ ಫೋನಿನಲ್ಲಿ, ಅದೂ ನಿಮ್ಮ ಸಹಾಯಕಿಯ ಬಾಯಲ್ಲಿ ಹೇಳಿಸಿದಿರಿ. ಪಾಪ, ಆ ಹುಡುಗಿಗೆ ಮಾತು ಮುಗಿಸುವುದರೊಳಗೆ ಅಳು ಬಂದಿತ್ತು. ಖಳನ ಪಾತ್ರವನ್ನಾದರೂ ನೆಟ್ಟಗೆ ಮಾಡಬಾರದೇ?

ಈಗ ಯಂತ್ರದ ಮಾತಿಗೆ ಬರೋಣ. ನಮ್ಮದು ದೊಡ್ಡ ಲೀಗಲ್ಲ. ಇಲ್ಲಿ ಆಟಗಾರನನ್ನು ಕೊಟ್ಟು ಬ್ಯಾಟುಗಳ ಕಟ್ಟು ತಂದವರಿದ್ದಾರೆ, ಹಳೆಯ ಬಸ್ಸು ತಂದವರಿದ್ದಾರೆ ಎಂದು ಮುದುಕರು ನಗುತ್ತಾ ಹೇಳುವುದನ್ನು ನಾನೂ ಕೇಳಿದ್ದೇನೆ. ಆದರೆ ಬಸ್ಸು ತಂಡವನ್ನು ಊರಿಂದೂರಿಗೆ ಒಯ್ಯುತ್ತದೆ. ಈ ಯಂತ್ರ ಏನು ಮಾಡುತ್ತದೆ? ಚೆಂಡು ಎಸೆಯುತ್ತದೆ. ನಮಗೆ ಎಸೆಯುವವರ ಬರವೇ ಇರಲಿಲ್ಲ. ಎಸೆದದ್ದನ್ನು ಹಿಡಿಯುವವನು, ಎಸೆಯಲು ಹೆದರಿದ ಪಿಚರ್ ಬಳಿಗೆ ನಡೆದುಹೋಗಿ ಅವನ ಕಿವಿಯಲ್ಲಿ ಏನೋ ಹೇಳಿ ನಗಿಸಿ ಬರುವವನು, ಯಾವ ಬ್ಯಾಟುಗಾರನಿಗೆ ಯಾವ ಎಸೆತ ಎಂದು ಎರಡು ಬೆರಳಲ್ಲಿ ಸನ್ನೆ ಮಾಡುವವನು ಬೇಕಿತ್ತು. ಅವನನ್ನು ಕೊಟ್ಟಿರಿ. ಯಾರಿಗೆ ಕೊಟ್ಟಿರಿ? ಎರಡು ಸಾವಿರ ಮೈಲಿ ದೂರದ ಯಾವುದೋ ಊರಿಗಲ್ಲ. ಇಡೀ ಬೇಸಿಗೆಯಲ್ಲಿ ನಾವು ಅತಿ ಹೆಚ್ಚು ಸಲ ಎದುರಿಸಬೇಕಾದ, ಕಳೆದ ಸೆಪ್ಟೆಂಬರಿನಲ್ಲಿ ಒಂದೇ ಒಂದು ರನ್ನಿನಿಂದ ನಮ್ಮ ಕೈಯಿಂದ ಕಪ್ ಕಿತ್ತುಕೊಂಡ ಆ ಮ್ಯೂಲ್ಸ್ ಎಂಬ ಹೇಸರಗತ್ತೆಗಳಿಗೆ. ನಮ್ಮ ಪ್ರತಿಯೊಬ್ಬ ಪಿಚರ್‌ನ ಹೆದರಿಕೆ ಯಾವುದು, ಕೈ ಯಾವಾಗ ಸೋಲುತ್ತದೆ, ತಿರುವಿನ ಎಸೆತಕ್ಕೆ ಮುನ್ನ ಯಾರು ಮೊಣಕೈ ಎತ್ತುತ್ತಾರೆ, ಇದೆಲ್ಲ ಎಲಾಡಿಯೊಗೆ ಗೊತ್ತು. ಐದು ವರ್ಷ ಇದನ್ನೆಲ್ಲ ಜಗತ್ತಿಗೆ ಕಾಣದಂತೆ ಮರೆಮಾಡಿದವನೇ ಅವನು. ಮನೆಯ ಬೀಗದ ಕೈಯನ್ನು ಕಳ್ಳನ ಅಂಗಳದಲ್ಲಿ ಇಟ್ಟು, ಬದಲಿಗೆ ಒಂದು ಬೊಗಳುವ ಗೊಂಬೆ ತಂದಿರಲ್ಲ, ಈ ಬುದ್ಧಿಗೆ ಸಂಬಳ ಬೇರೆ ಇದೆಯೇ?

ನಿಮ್ಮ ಉತ್ತರ ನನಗೆ ಗೊತ್ತು. ಅಂಕಿಅಂಶ ಅನ್ನುತ್ತೀರಿ. ಮೂವತ್ತು ದಾಟಿದ ಕ್ಯಾಚರ್‌ಗಳ ಮೊಣಕಾಲಿನ ಬಗ್ಗೆ ನಿಮ್ಮ ಕಂಪ್ಯೂಟರ್ ಒಂದು ಗೆರೆ ಎಳೆದು ತೋರಿಸಿದೆ. ಅಂಥದೇ ಗೆರೆ ಹಿಡಿದು ನಮ್ಮ ಮೊದಲ ಬೇಸಿನವನನ್ನೂ, ಎಡಗೈ ಪಿಚರ್‌ನನ್ನೂ ಕೈಬಿಟ್ಟಿರಿ. ಅವರ ಜಾಗಕ್ಕೆ ಬರುವ ಹುಡುಗರ ಹೆಸರನ್ನು ಉಚ್ಚರಿಸಲು ನನಗೆ ಇನ್ನೂ ಬಂದಿಲ್ಲ, ಅದು ಅವರ ತಪ್ಪಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಕೊಳ್ಳಲು ಬರುವವರೆಲ್ಲ ಮೊಳೆ ಮರೆತು ಇದನ್ನೇ ಮಾತಾಡುತ್ತಾರೆ. ನವೆಂಬರಿನಲ್ಲಿ ಅದೇ ಅಂಗಡಿಯಲ್ಲಿ ನಾವು ಮುಂದಿನ ಸೆಪ್ಟೆಂಬರಿನ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂದು ಜಗಳವಾಡಿದ್ದೆವು. ಮೊನ್ನೆ ಅಂಗಡಿಯ ಗಸ್ ಹೊಲ್ಟ್‌ಮನ್ ಬಣ್ಣದ ಡಬ್ಬಿ ಅಲ್ಲಾಡಿಸುತ್ತಾ ಹೇಳಿದ: "ಯಂತ್ರ ಒಳ್ಳೇದೇ ಬಿಡು ಮಿಲಾರ್ಡ್. ಸೋತಾಗ ಅಳಲ್ಲ. ಗೆದ್ದು ಕುಣಿಯೋ ದಿನವಂತೂ ಅದಕ್ಕೂ ಬರಲ್ಲ, ನಮಗೂ ಬರಲ್ಲ." ಯಾರೂ ನಗಲಿಲ್ಲ. ಆಸೆಯನ್ನು ಕೊಲ್ಲಲು ಎಷ್ಟು ಕಷ್ಟಪಡಬೇಕು ಗೊತ್ತೇ ತಮಗೆ? ಈ ಊರಿನಲ್ಲಿ ಸೋಪು ಕಾರ್ಖಾನೆ ಮುಚ್ಚಿದಾಗಲೂ, ನದಿ ಉಕ್ಕಿ ಮೈದಾನದೊಳಗೆ ಮೀನು ಈಜಿದಾಗಲೂ ಅದು ಸತ್ತಿರಲಿಲ್ಲ. ನೀವು ಒಂದೇ ಚಳಿಗಾಲದಲ್ಲಿ, ಕುರ್ಚಿಯಿಂದ ಏಳದೆ ಸಾಧಿಸಿದಿರಿ.

ಆದರೂ, ಕ್ಯಾಚರನ್ನು ಮಾರುವುದು ನಿಮ್ಮ ಅಧಿಕಾರ. ದಡ್ಡತನಕ್ಕೂ ಕಾನೂನಿನಲ್ಲಿ ಜಾಗವಿದೆ. ನಾನು ಬಾಯಿ ಮುಚ್ಚಿಕೊಂಡು ಬಿಯರಿನೊಂದಿಗೆ ನುಂಗುತ್ತಿದ್ದೆನೇನೋ. ಆದರೆ ನೀವು ಕಳೆದ ಸೆಪ್ಟೆಂಬರಿನಲ್ಲಿ ನನ್ನ ಮನೆಯಲ್ಲಿ ಊಟ ಮಾಡಿದ್ದಿರಿ.

ನೆನಪಿದೆಯೇ? ಕಪ್ ಸೋತ ಮರುದಿನ. ಎಲಾಡಿಯೊ ಮುರಿದ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡಿದ್ದ, ಚಮಚ ಹಿಡಿಯಲಾಗದೆ ಎಡಗೈಯಲ್ಲಿ ತಿನ್ನುತ್ತಿದ್ದ. ನನ್ನ ಹೆಂಡತಿ ವರ್ನಾ ಗೋಮಾಂಸ ಬೇಯಿಸಿದ್ದಳು, ಆಲೂಗಡ್ಡೆ, ಕ್ಯಾರೆಟ್ಟು ಹಾಕಿ. ತಾವು ಎರಡು ಸಲ ಬಡಿಸಿಕೊಂಡಿರಿ, ಸೇಬಿನ ಪೈ ಕೂಡ ಬಿಡಲಿಲ್ಲ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, ನನ್ನ ಮೇಜಿನ ಮುಂದೆ, ನನ್ನ ಕಿವಿಯಾರೆ ಹೇಳಿದಿರಿ: "ಮುಂದಿನ ವರ್ಷ ಕಪ್ ನಮ್ದೇ ಕಣಯ್ಯ. ಹೋಮ್‌ಪ್ಲೇಟಿನ ಹಿಂದೆ ಚೆಂಡು ಹಿಡಿಯೋಕೆ ನೀನಿಲ್ದೆ ನಾನು ತಂಡದ ಯೋಚ್ನೆನೇ ಮಾಡಲ್ಲ."

ಅವನಿಗೆ ನಮ್ಮ ಮಾತು ವೇಗವಾದರೆ ಹಿಡಿಯಲು ಕಷ್ಟ. ಹೆಂಡತಿ ಮಾರಿಸೆಲಾ ಕಡೆ ತಿರುಗಿದ. ಅವಳು ಅವರಿಬ್ಬರ ಸ್ಪ್ಯಾನಿಷ್ ಭಾಷೆಯಲ್ಲಿ ಮತ್ತೊಮ್ಮೆ ಹೇಳಿದಳು, ನಿಧಾನವಾಗಿ. ಅವಳ ಅಣ್ಣ ಫ್ಲೋರಿಡಾದಲ್ಲಿ ಟೈಲ್ಸ್ ಕೆಲಸ ಇಟ್ಟುಕೊಂಡಿದ್ದಾನೆ, ಇಬ್ಬರೂ ಬನ್ನಿ, ಮನೆಯ ಹಿಂದಿನ ಭಾಗ ಬಿಟ್ಟುಕೊಡುತ್ತೇನೆ ಎಂದು ಕರೆದಿದ್ದ. ನಿಮ್ಮ ಆ ಮಾತು ನಂಬಿ ಅವಳು ಅಣ್ಣನಿಗೆ ಬರುವುದಿಲ್ಲವೆಂದಳು. ಇಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕಾಯಂ ಕೆಲಸಕ್ಕೆ ಸೇರಿದಳು. ಬೆಳಗಿನ ಜಾವದ ಪಾಳಿ, ನನ್ನ ಮನೆಯಿಂದ ನಡೆದುಹೋಗುವ ದೂರ. ಅವರಿಗೆ ಕಾರಿಲ್ಲ. ಅಣ್ಣ ಆ ಹಿಂಭಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಾಯಿತು. ಈಗ ಈ ದಂಪತಿಗೆ ಭೂಮಿಯ ಮೇಲೆ ಇರುವ ಮನೆ ಯಾವುದೆಂದರೆ ನನ್ನ ನೆಲಮಾಳಿಗೆ. ಅದನ್ನು ನೀವು ನನ್ನ ಕೈಯಿಂದಲೇ ಕಿತ್ತುಕೊಳ್ಳಲು ಹೊರಟಿದ್ದೀರಿ.

ಯಾವ ಹಕ್ಕಿನಿಂದ? ಆತಿಥ್ಯದ ಮನೆ ಎಂಬ ಹಕ್ಕಿನಿಂದ. ನೀವು ಕೊಡುವ ಸಂಬಳದಲ್ಲಿ ಆಟಗಾರರಿಗೆ ಬಾಡಿಗೆ ಕೋಣೆ ಹಿಡಿಯುವ ಶಕ್ತಿ ಬರುವುದಿಲ್ಲವೆಂದು ಈ ಊರಿನ ಜನ ಪ್ರತಿ ಬೇಸಿಗೆ ತಮ್ಮ ಮನೆಗಳಲ್ಲಿ ಅವರನ್ನು ಪುಕ್ಕಟೆ ಇರಿಸಿಕೊಳ್ಳುತ್ತಾರೆ. ಮಕ್ಕಳು ಬಿಟ್ಟುಹೋದ ಕೋಣೆ, ಹೊಲಿಗೆ ಯಂತ್ರದ ಕೋಣೆ, ನನ್ನಂಥವರ ನೆಲಮಾಳಿಗೆ. ಊಟ ನಮ್ಮದು, ಬಿಸಿನೀರು ನಮ್ಮದು, ಅಮ್ಮ ನೆನಪಾಗಿ ಅಳುವ ಹುಡುಗನಿಗೆ ಹೇಳುವ ಸಮಾಧಾನ ನಮ್ಮದು. ತಂಡದ್ದೇನಿದೆ ಅದರಲ್ಲಿ? ಬಾಗಿಲಿಗೆ ಅಂಟಿಸಲು ಕೊಟ್ಟ ಸ್ಟರ್ಜನ್ ಮೀನಿನ ಚಿತ್ರ. ಆ ಮೀನು ಅಂಟಿಸಿದ ಬಾಗಿಲೊಳಗೆ ಎದುರಾಳಿ ತಂಡದವನು ಮಲಗುವಂತಿಲ್ಲವೆಂದು ಈಗ ನಿಮ್ಮ ಕಟ್ಟಳೆ. ಮೀರಿದರೆ ನನ್ನ ಮೈಕು ಹೋಗುತ್ತದಂತೆ. ಈ ಮೈದಾನದಲ್ಲಿ ಪ್ರತಿ ಆಟಗಾರನ ಹೆಸರನ್ನು ನದಿಯಾಚೆಗೆ ಕೇಳುವಂತೆ ಕೂಗಿದವನು ನಾನು, ಒಂದು ಕಾಸು ಮುಟ್ಟದೆ. ಇನ್ನು ಮುಂದೆ ಮುದ್ರಿಸಿದ ದನಿ ಹಾಕುತ್ತಾರಂತೆ. ಹಾಕಿ. ಮೈಕು ನಿಮ್ಮದು, ಗಂಟಲು ನನ್ನದು.

ವಿಷಯ ತಿಳಿದ ಸಂಜೆ ಕೆಳಗಿಳಿದು ನೋಡಿದರೆ ಎಲಾಡಿಯೊ ಕಾಫಿ ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದ. ಮಾರಿಸೆಲಾ ಮಂಚದ ಅಂಚಿನಲ್ಲಿ ಕೂತಿದ್ದಳು, ಕೆಲಸದ ಬೂಟು ಬಿಚ್ಚಿರಲಿಲ್ಲ.

"ದೋನ್ ಮಿಲಾರ್ಡ್, ನನ್ನಿಂದ ನಿಮ್ಮ ಮೈಕು ಹೋಗೋದು ಬೇಡ," ಅಂದ, ಎಂದಿನಂತೆ ಗೌರವಕ್ಕೆ ದೋನ್ ಸೇರಿಸಿ. "ಸೇತುವೆ ಆಚೆ ಎಲ್ಲಾದ್ರೂ ಒಂದು ರೂಮು ನೋಡ್ಕೋತೀವಿ."

"ಬೆಳಗಿನ ಜಾವ ಸೇತುವೆ ಮೇಲೆ ಬಸ್ಸೆಲ್ಲಿದೆ? ಇವಳು ಈಜ್ಕೊಂಡು ಬರ್ತಾಳಾ ಕೆಲಸಕ್ಕೆ?" ಎಂದೆ.

ಅಷ್ಟರಲ್ಲಿ ವರ್ನಾ ನನ್ನ ಹಿಂದೆಯೇ ಇಳಿದುಬಂದಳು. ನಲವತ್ತು ವರ್ಷ ನನ್ನ ಗಂಟಲಿನ ಜೊತೆ ಬಾಳಿದವಳು, ಹಾಗಾಗಿ ದನಿ ಎತ್ತುವ ಅಭ್ಯಾಸವೇ ಇಲ್ಲ. "ಆ ಪಾತ್ರೆ ಕೆಳಗಿಡು," ಎಂದಳು ಅವನಿಗೆ. "ಅದು ನನ್ನ ಟವೆಲ್ಲು."

ಮುಗಿಯಿತು. ಪೆಟ್ಟಿಗೆ ಮಂಚದಡಿಗೆ ಹೋಯಿತು. ನನ್ನ ಮೈಕು ಎಲ್ಲಿಗೆ ಹೋಯಿತೋ ನಾನು ಕೇಳಲಿಲ್ಲ.

ಆದರೆ ಸೇಡು ಬೇಡವೇ, ಮಾನ್ಯರೇ? ನಾನು ಕ್ಷಮಿಸುವ ದೃಶ್ಯಗಳಲ್ಲಿ ಯಾವಾಗಲೂ ಆಕಳಿಸಿದವನು. ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಆತಿಥ್ಯದ ಮನೆಗಳವರನ್ನೆಲ್ಲ ಸೇರಿಸಿದೆ. ನೀರುನೀರಾದ ಕಾಫಿ, ನಿಂಬೆಯ ಸಿಹಿತುಂಡು, ನನ್ನ ಭಾಷಣ. ಈ ಬೇಸಿಗೆ ಸ್ಟರ್ಜನ್ಸ್ ಆಟಗಾರರಿಗೆ ಒಂದು ಬಾಗಿಲೂ ತೆರೆಯಬಾರದು, ಕಾರಿನಲ್ಲಿ ಮಲಗಲಿ, ಆಗ ಕಚೇರಿಗೆ ಬುದ್ಧಿ ಬರುತ್ತದೆ ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಮುಗಿಯುವ ಮುನ್ನ ಹಿಲ್ಡಾ ಕ್ರೌಸ್ ಎದ್ದರು. ಪ್ರತಿವರ್ಷ ಇಬ್ಬರು ಪಿಚರ್‌ಗಳನ್ನು ಸಾಕುವ ವಿಧವೆ, ಊರಿಗೆಲ್ಲ ಪರದೆ ಹೊಲಿಯುವವರು.

"ಹುಡುಗ್ರು ಏನ್ ಮಾಡಿದಾರೆ ಮಿಲಾರ್ಡ್? ಅವರನ್ನ ನಾನು ಬೀದಿಗೆ ಹಾಕಲ್ಲ," ಅಂದರು.

ಎಲಾಡಿಯೊನನ್ನು ಹೊರಹಾಕಬೇಡಿ ಎಂದು ಕೂಗುತ್ತಿರುವವನೇ ಇನ್ನೂ ಹತ್ತು ಹನ್ನೆರಡು ಎಲಾಡಿಯೊಗಳನ್ನು ಹೊರಹಾಕಲು ಹೊರಟಿದ್ದೆ. ಕೂರಲು ಬಗ್ಗಿದೆ. ಆದರೆ ಹಿಲ್ಡಾ ಇನ್ನೂ ನಿಂತೇ ಇದ್ದರು.

"ಬೀದಿ ಯಾಕ್ ಬೇಕು? ಗುಡ್ಡದ ಮೇಲೆ ವ್ಯವಸ್ಥಾಪಕರ ಮನೇಲಿ ಐದು ಬೆಡ್‌ರೂಮಿದೆ. ಇರೋರು ಇಬ್ರೇ. ಪರದೆಗೆಲ್ಲ ಅಳತೆ ತಗೊಂಡವಳು ನಾನೇ ಅಲ್ವಾ."

ಹಾಸಿಗೆಗಳನ್ನು ಅಲ್ಲಿಗೆ ಸಾಗಿಸಲು ಗಸ್ ತನ್ನ ಲಾರಿ ಕೊಡುತ್ತೇನೆಂದ.

ಹೀಗಾಗಿ, ಮಾನ್ಯರೇ, ಈ ಊರು ತನ್ನ ಆಟಗಾರರನ್ನು ಕೈಬಿಡುತ್ತಿಲ್ಲ. ನಿಮ್ಮ ಕೈಗೆ ಒಪ್ಪಿಸುತ್ತಿದೆ. ಹಾಸಿಗೆ, ದಿಂಬು, ಕಂಬಳಿ ಎಲ್ಲ ನಮ್ಮ ಲೆಕ್ಕ. ಮೇ ತಿಂಗಳಲ್ಲಿ ಅವರು ಬಂದಾಗ ತಮಗೆ ಕೆಲವು ಸೂಚನೆ: ಬಲಗೈ ಪಿಚರ್ ರೈಲಿನಂತೆ ಗೊರಕೆ ಹೊಡೆಯುತ್ತಾನೆ. ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುವ ಹುಡುಗ ಬೆಳಕು ಹರಿಯುವ ಮುನ್ನ ಮೀನು ಹುರಿಯುತ್ತಾನೆ, ಕಿಟಕಿ ತೆರೆಯುವ ಅಭ್ಯಾಸವಿಲ್ಲ. ಸ್ನಾನಕ್ಕೆ ಕೊನೆಯವರಾಗಿ ಹೋದರೆ ಬಿಸಿನೀರು ಸಿಗುವುದಿಲ್ಲ. ಸೋತ ದಿನ ಯಾರಾದರೂ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದರೆ ಹೋಗಿ ಪಕ್ಕದಲ್ಲಿ ಕೂರಬೇಕು, ಅಂಕಿಅಂಶ ಹೇಳಬಾರದು. ಸೋತ ದಿನಗಳು ಈ ವರ್ಷ ಬಹಳ ಇರುತ್ತವೆ, ಅದರ ಏರ್ಪಾಡು ತಾವೇ ಮಾಡಿದ್ದೀರಿ.

ಇದನ್ನು ತಪ್ಪಿಸಬಹುದು. ಯಂತ್ರವನ್ನು ಸೇತುವೆ ದಾಟಿಸಿ ವಾಪಸು ಕಳಿಸಿ. ಮ್ಯೂಲ್ಸ್‌ನವರ ಕಾಲಿಗೆ ಬಿದ್ದಾದರೂ ನಮ್ಮ ಕ್ಯಾಚರನ್ನು ತನ್ನಿ. ಅವರು ಕೊಡದಿದ್ದರೆ, ಅವರೇನು ನಿಮ್ಮಷ್ಟು ದಾನಿಗಳಲ್ಲ, ಮನೆ ಖಾಲಿ ಮಾಡಿಸುವ ಅಪ್ಪಣೆಯನ್ನಾದರೂ ಇದೇ ಪತ್ರಿಕೆಯಲ್ಲಿ, ಇಷ್ಟೇ ದೊಡ್ಡ ಅಕ್ಷರದಲ್ಲಿ ಹಿಂತೆಗೆದುಕೊಳ್ಳಿ, ಆ ದಂಪತಿಯ ಕ್ಷಮೆ ಕೇಳಿ. ಎಲಾಡಿಯೊ ಯಾವ ಅಂಗಿ ಹಾಕಿಕೊಂಡು ಆಡಿದರೂ ನನ್ನ ನೆಲಮಾಳಿಗೆಯಲ್ಲೇ ಮಲಗುತ್ತಾನೆ, ಮಾರಿಸೆಲಾ ನಡೆದೇ ಕೆಲಸಕ್ಕೆ ಹೋಗುತ್ತಾಳೆ. ಅದರಲ್ಲಿ ಚೌಕಾಸಿ ಇಲ್ಲ. ಮೀನಿನ ಚಿತ್ರವನ್ನು ಬಾಗಿಲಿಂದ ಕಿತ್ತಾಗಿದೆ. ಬಣ್ಣವೂ ಜೊತೆಗೆ ಬಂತು, ಆ ಬಾಬ್ತು ನಾನೇ ನೋಡಿಕೊಳ್ಳುತ್ತೇನೆ.

ಪತ್ರಿಕೆ ಇಂದು, ಶುಕ್ರವಾರ, ನಿಮ್ಮ ಮೇಜಿಗೆ ಬರುತ್ತದೆ. ಸಂಜೆಯವರೆಗೆ ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ಅದು ಸದ್ದು ಮಾಡದಿದ್ದರೆ ನಾಳೆ ಶನಿವಾರ, ನೀವೇ ಗೊತ್ತುಮಾಡಿದ ದಿನ. ನಾಳೆ ಬೆಳಿಗ್ಗೆ ಗಸ್‌ನ ಲಾರಿ ಗುಡ್ಡ ಹತ್ತುತ್ತದೆ. ಹಿಲ್ಡಾರ ಮನೆಯ ಹಾಸಿಗೆಯನ್ನು ಈ ಮುದಿ ತಲೆಯ ಮೇಲೆ ಹೊತ್ತು ನಾನೇ ಮೊದಲು ಇಳಿದು, ನಿಮ್ಮ ಬಾಗಿಲ ಗಂಟೆ ಒತ್ತಿ, ಯಾವ ಹುಡುಗ ಯಾವ ಕೋಣೆಗೆ ಎಂದು ಒಬ್ಬೊಬ್ಬರ ಹೆಸರನ್ನೂ ಮೈಕಿಲ್ಲದೆ ಇಡೀ ಗುಡ್ಡಕ್ಕೆ ಕೇಳುವಂತೆ ಕೂಗುತ್ತೇನೆ.

ಇಂತಿ,
ಇಷ್ಟಾದ ಮೇಲೂ ಸ್ಟರ್ಜನ್ಸ್ ಗೆಲ್ಲಲೆಂದು ಒಳಗೊಳಗೇ ಹರಸಿಕೊಳ್ಳುತ್ತಿರುವ ಮೂರ್ಖ,
ಮಿಲಾರ್ಡ್ ಬ್ರಾಂಡ್‌ವೊಲ್ಡ್
ಮೈದಾನದ ಮಾಜಿ ಧ್ವನಿ