ನಾಲ್ಕನೆಯ ನಾಳ

ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ. ನಿನ್ನ ಸ್ಕ್ಯಾನ್ ಬಂದಿದೆ. ಕ್ಲಿನಿಕ್ಕಿನಲ್ಲಿ ಒಬ್ಬನೇ ಇದ್ದೇನೆ.

ಪ್ರೀತಿಯ ಅಕ್ಕ,

ಎರಡು ವರ್ಷದಿಂದ ನಿನ್ನ ಮೂಗಿನ ಎಡಹೊಳ್ಳೆಯಲ್ಲಿ ಕೊಳೆತ ವಾಸನೆ. ಶೀತವೆಂದರು, ಅಲರ್ಜಿಯೆಂದರು. ಮಾತ್ರೆ ಇರುವಷ್ಟು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತಿತ್ತು. “ಅದು ನಿನ್ನ ತಲೇಲಿರೋದು ಕಣೆ, ಮೂಗಲ್ಲಲ್ಲ” ಎಂದು ನಾನೂ ನಕ್ಕಿದ್ದೆ. ನೀನು ನಗಲಿಲ್ಲ.

ಚಹಾ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ರುಚಿ ನೋಡಿದವಳು ನೀನು. ಉದ್ದನೆಯ ಬಿಳಿ ಮೇಜು, ಸಾಲಾಗಿಟ್ಟ ಬಟ್ಟಲುಗಳು. ಒಂದು ಚಮಚ ಸೊರ್ರೆಂದು ಎಳೆದು, ಎಲೆ ಯಾವ ತೋಟದ್ದೆಂದು ಹೇಳುತ್ತಿದ್ದೆ. ಕಳೆದ ತಿಂಗಳು ಎಲ್ಲ ಬಟ್ಟಲುಗಳೂ ಒಂದೇ ನಾತ ಹೊಡೆದಾಗ ನೀನೇ ರಾಜೀನಾಮೆ ಬರೆದುಕೊಟ್ಟೆ. “ಮೂಗಿಗೂ ವಯಸ್ಸಾಗುತ್ತೆ ಕಣೋ” ಎಂದೆ, ಫೋನಿನಲ್ಲಿ.

ವಯಸ್ಸಾಗಿಲ್ಲ ಅಕ್ಕ. ಮೇಲಿನ ಎಡದವಡೆಯ ಹಲ್ಲಿನ ಬೇರುಗಳು ಕೆನ್ನೆಯೊಳಗಿನ ಸೈನಸ್ಸಿನ ತಳಕ್ಕೆ ತಾಗಿಕೊಂಡಿರುತ್ತವೆ. ನಿನ್ನ ಅಂಥ ಒಂದು ಹಲ್ಲಿನ ಬೇರಿನ ತುದಿಯ ಕೀವು ಮೇಲಕ್ಕೆ ಸೋರಿ ಅಲ್ಲಿ ತುಂಬಿ, ಮೂಗಿಗೆ ಇಳಿಯುತ್ತಿದೆ. ಮೂರು ವರ್ಷದ ಹಿಂದೆ ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿದವನು ನಾನು.

ಅಂದು ಭಾನುವಾರ, ಸಹಾಯಕಿಗೆ ರಜೆ. “ಎಷ್ಟೊತ್ತೋ? ಚಿಕ್ಕೋನಿದ್ದಾಗ ಅಲಾರಂ ಗಡಿಯಾರ ಬಿಚ್ಚಿಟ್ಕೊಂಡು ಕೂತಂಗೇ ಕೂತಿದೀಯಲ್ಲ!” ಎಂದು ನೀನು ರೇಗಿಸಿದೆ. ಹಲ್ಲಿನ ಬೇರುಗಳೊಳಗೆ ಮೂರು ನಾಳ ಸಿಕ್ಕವು, ತೊಳೆದು ತುಂಬಿದೆ. ಅಂಥ ಹಲ್ಲಿಗೆ ಹಲವು ಸಲ ನಾಲ್ಕನೆಯದೂ ಇರುತ್ತದೆಂದು ನನಗೆ ಗೊತ್ತು. ಹುಡುಕಲಿಲ್ಲ. ತುಂಬದೆ ಬಿಟ್ಟ ಆ ನಾಳ ಈಗ ಸ್ಕ್ಯಾನಿನಲ್ಲಿ ಕಾಣುತ್ತಿದೆ, ಕೀವು ಶುರುವಾದದ್ದು ಅಲ್ಲಿಂದಲೇ. ಹೊರಗಿನವರಾಗಿದ್ದರೆ ಚಿಕಿತ್ಸೆಯ ಕಾರ್ಡು ಬರೆದಿಟ್ಟು, ಆರು ತಿಂಗಳಿಗೆ ಕರೆಸಿ, ಎಕ್ಸ್‌ರೇ ತೆಗೆಯುತ್ತಿದ್ದೆ. ಮನೆಯವಳಿಗೆ ಕಾರ್ಡೇಕೆ ಎಂದುಕೊಂಡೆ.

ತಮ್ಮ ಹಲ್ಲಿನ ಡಾಕ್ಟರೆಂದು ನೀನು ಹೇಳಿದ್ದರಿಂದ ಮೂಗಿನ ಡಾಕ್ಟರು ಸ್ಕ್ಯಾನನ್ನು ನನಗೇ ಕಳಿಸಿ ಬೆಳಿಗ್ಗೆ ಫೋನ್ ಮಾಡಿದ್ದರು. “ಹಲ್ಲು ಸರಿಹೋಗದೆ ನಾನೆಷ್ಟು ಔಷಧಿ ಕೊಟ್ರೂ ದಂಡ. ಅದಕ್ಕೆ ಕೈ ಹಾಕಿದ ಪುಣ್ಯಾತ್ಮ ಯಾರ್ರೀ?”

“ಯಾರೋ, ಗೊತ್ತಿಲ್ಲ ಸಾರ್” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಚಿಕಿತ್ಸೆಯಾದರೆ ವಾಸನೆ ಹೋಗಬಹುದು. ನಿನ್ನ ಮೇಜಿಗೆ ಮಾತ್ರ ಬೇರೊಬ್ಬರು ಬಂದಾಗಿದೆ. ನಾನೇ ಆ ಹಲ್ಲು ಕಿತ್ತು, ಹುಳುಕಾಗಿತ್ತು ಎಂದರೆ ನೀನು ನಂಬುತ್ತೀಯ. ನೀನು ನಂಬುತ್ತೀಯ ಎನ್ನುವುದೇ ನನಗೆ ಸಹಿಸಲಾಗುತ್ತಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳುತ್ತೇನೆ. ಗುರುವಾರ ಈ ಪತ್ರ, ಸ್ಕ್ಯಾನ್ ಎರಡನ್ನೂ ಹಿಡಿದು ನಿನ್ನ ಮನೆಗೆ ಬರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಹಲ್ಲನ್ನು ಬೇರೆ ವೈದ್ಯರು ನೋಡಲಿ. ಇನ್ನೂ ಫೋನ್ ಎತ್ತಿಕೊಂಡಿಲ್ಲ.

ನಿನ್ನ ಉಸಿರು ಹಗುರಾಗಲಿ, ಅಕ್ಕ.

ನಿನ್ನ ತಮ್ಮ