ಮದುವೆ ಕಾರ್ಡಿನ ಹಿಂದಿನ ಪುಟ

೯ ಏಪ್ರಿಲ್ ೨೦೦೭, ಸೋಮವಾರ. ಮಧ್ಯಾಹ್ನ ೨

ಮತ್ತೆ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ಸುಮ್ಮನಾಯಿತು. ಬೆಳಿಗ್ಗೆಯಿಂದ ಮೂರು ಮದುವೆ ಕಾರ್ಡ್, ಒಂದು ವೈಕುಂಠ ಸಮಾರಾಧನೆ. ಗುರುಪ್ರಕಾಶ್ ಸರ್ ಊಟಕ್ಕೆ ಹೋಗಿದ್ದಾರೆ. ಅವರ ಡಿಟಿಪಿ ಅಂಗಡಿಗೆ ಈಗ ನಾನೇ ರಾಣಿ.

ಕರೆಂಟಿಲ್ಲದಾಗ ಈ ಡೈರಿ, ಕರೆಂಟಿದ್ದು ಅವರಿಲ್ಲದಾಗ ಬ್ಲಾಗಿಗೆ ಬರೆಯುತ್ತೇನೆ. ಎಂಟು ತಿಂಗಳಾಯಿತು. ಲೈಬ್ರರಿಯಿಂದ ತಂದು ಓದಿದ ಪುಸ್ತಕ, ಎಫ್‌ಎಂ, ಸವೆದ ಕ್ಯಾಸೆಟ್, ಹ್ಯಾಂಗ್ ಆಗುವ ಕಂಪ್ಯೂಟರ್... ತೋಚಿದ್ದೆಲ್ಲ. ಹೆಸರು ಹಾಕಿಲ್ಲ. ಓದುವವರು ಹದಿನೇಳು ಜನ. ಅದರಲ್ಲಿ ಒಬ್ಬರು, ಸಾರ್ ಚೆನ್ನಾಗಿ ಬರೀತೀರ ಅಂತ ಕಾಮೆಂಟ್ ಹಾಕಿದ್ದಾರೆ. ಸಾರ್ ಅಂತೆ. ಚೆನ್ನಾಗಿ ಬರೆದರೆ ಗಂಡಸೇ ಆಗಿರಬೇಕು ಇವರಿಗೆ.

ಇಲ್ಲಿನ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬ್ಲಾಗಿಗೆ ಅಂಟಿಸಿದರೆ ಬರೀ ಗೀಟು, ಚುಕ್ಕಿ. ಪ್ರಿಂಟ್ ತೆಗೆದುಕೊಂಡು ಗುಬ್ಬಿ ಗೇಟ್ ಹತ್ತಿರದ ಸೈಬರ್‌ಗೆ ಹೋಗಿ ಯೂನಿಕೋಡ್‌ನಲ್ಲಿ ಎರಡನೇ ಸಲ ಕುಟ್ಟಬೇಕು. ಕುಟ್ಟುತ್ತೇನೆ. ಯಾರೂ ಓದದಿದ್ದರೂ ಕುಟ್ಟುತ್ತೇನೆ.

೧೨ ಏಪ್ರಿಲ್, ಗುರುವಾರ

ನನ್ನ ಅಣ್ಣ ಫೈಜಲ್ ಭಯ್ಯಾನ ಮದುವೆ ಕಾರ್ಡ್ ಇವತ್ತು ನಾನೇ ಮಾಡಿದೆ. ಮೇ ಆರಕ್ಕೆ, ಹೆಣ್ಣಿನ ಊರು ಕುಣಿಗಲ್‌ನಲ್ಲಿ. ಉರ್ದು ಕಾರ್ಡ್ ಬೆಂಗಳೂರಿನಿಂದ ಬಂದಾಗಿದೆ, ಅದು ನೆಂಟರಿಗೆ. ಕನ್ನಡದ್ದು ಇಲ್ಲಿನ ಸ್ನೇಹಿತರಿಗೆ, ಅಕ್ಕಪಕ್ಕದ ಅಂಗಡಿಯವರಿಗೆ, ಹೆಣ್ಣಿನ ತಂದೆಯ ಮರದ ಡಿಪೋಗೆ ಬರುವ ಗಿರಾಕಿಗಳಿಗೆ.

ಭಯ್ಯಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದ. ಅಬ್ಬಾನ ಹೆಸರಿನ ಕೆಳಗೆ 'ಫ್ಯಾನ್ಸಿ ಸ್ಟೋರ್ ಮಾಲೀಕರು' ಅಂತ ಹಾಕಿಸಿದ. ಬಳೆ ಅಂಗಡಿ ಇಟ್ಟು ನಾಲ್ಕೇ ವರ್ಷ. ಅದಕ್ಕೆ ಮುಂಚೆ ಅಬ್ಬಾ ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದರು. ಆ ವಿಷಯ ಕುಣಿಗಲ್‌ನವರಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಬಾಜಾದವನ ಮಗ ಅಂತಾರೆ ಅನ್ನುವ ಹೆದರಿಕೆ ಭಯ್ಯಾಗೆ. ಅಬ್ಬಾ ಊದುವುದನ್ನು ಬಿಡಿಸಿದ್ದೂ ಅವನೇ.

ಅವನು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ಅದೇ ಫೈಲಿನಲ್ಲಿ, ಪುಟದ ಪಕ್ಕದ ಖಾಲಿ ಜಾಗದಲ್ಲಿ, ಬ್ಲಾಗಿಗೆಂದು ಒಂದೇ ಉಸಿರಿಗೆ ಬರೆದೆ. "ನಮ್ಮಪ್ಪ ಇಪ್ಪತ್ತೆರಡು ವರ್ಷ ಯಡಿಯೂರಿನಿಂದ ಬೆಳ್ಳಾವಿಯವರೆಗೆ ಕಂಡವರ ಮದುವೆಗೆಲ್ಲ ಊದಿದರು. ಸ್ವಂತ ಮಗನ ಮದುವೆಯಲ್ಲಿ ಮಾತ್ರ ಅದರ ಸುದ್ದಿ ಎತ್ತುವ ಹಾಗಿಲ್ಲ." ಹೀಗೆ ಶುರುವಾಗಿ ಇಡೀ ಪುಟ. ಇಷ್ಟು ಚೆನ್ನಾಗಿ ಯಾವತ್ತೂ ಬರೆದಿರಲಿಲ್ಲ. ಸಂಜೆಯೇ ಸೈಬರ್‌ಗೆ ಓಡಿ ಬ್ಲಾಗಿಗೆ ಹಾಕಿದೆ.

೨೩ ಏಪ್ರಿಲ್, ಸೋಮವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಕಾರ್ಡಿನ ಹಿಂದಿನ ಪುಟಕ್ಕೆ ಏನಾದರೂ ಇದ್ದರೆ ಅದನ್ನು ಮುಂದಿನ ಪುಟದ ಪಕ್ಕದ ಖಾಲಿ ಜಾಗದಲ್ಲಿ ಟೈಪ್ ಮಾಡಿ ಕಳಿಸುವುದು ನಮ್ಮ ಅಂಗಡಿಯ ರೂಢಿ. ಸತ್ಯಮಂಗಲದ ಪ್ರೆಸ್ಸಿನಲ್ಲಿ ಕರಿಬಸವಯ್ಯನವರು ಅದನ್ನು ಎತ್ತಿ ಹಿಂಬದಿಗೆ ಕೂರಿಸುತ್ತಾರೆ. ಕೇಳುವುದಿಲ್ಲ, ಓದುವುದೂ ಇಲ್ಲ. ನಾನು ಬರೆದದ್ದನ್ನು ಅಳಿಸದೆ ಫೈಲು ಕಳಿಸಿದ್ದೆ. ಕೂರಿಸಿದ್ದಾರೆ. ಸುತ್ತ ಹೂವಿನ ಬಾರ್ಡರ್ ಬೇರೆ.

ಕಾರ್ಡುಗಳನ್ನು ಪ್ರೆಸ್ಸಿನಿಂದ ತಂದವನು ಭಯ್ಯಾ. ಮುಂದಿನ ಪುಟದಲ್ಲಿ ತನ್ನ ಹೆಸರು ನೋಡಿಕೊಂಡು ಖುಷಿಯಾಗಿ ಹಂಚಿದ್ದಾನೆ. ಒಂದು ಕಟ್ಟು ಕುಣಿಗಲ್‌ಗೂ ಹೋಯಿತು. ಮೊನ್ನೆ ಶನಿವಾರ ಅಲ್ಲಿನ ಡಿಪೋದಲ್ಲಿ ವೆಂಕಟರಂಗಯ್ಯ ಅನ್ನುವ ಮೇಷ್ಟ್ರು ಹಿಂದಿನ ಪುಟವನ್ನು ಗಟ್ಟಿಯಾಗಿ ಓದಿದರಂತೆ, ಹೆಣ್ಣಿನ ತಂದೆಯ ಎದುರಿಗೇ. ಹೆಣ್ಣಿನ ತಂದೆ ಫೋನ್ ಮಾಡಿ, ಇದು ಯಾರ ಅಪ್ಪನ ಕಥೆ ಅಂತ ಕೇಳಿದ್ದಾರೆ. ಬರುವ ಭಾನುವಾರ ಮನೆಗೇ ಬರುತ್ತಾರೆ. ಮದುವೆ ನಡೆಯುತ್ತದೋ ಇಲ್ಲವೋ ಆಮೇಲೆ.

ಬ್ಲಾಗಿಗೆಂದು ನಾನೇ ಬರೆದದ್ದು ಅಂತ ಮನೆಯಲ್ಲಿ ಒಪ್ಪಿಕೊಂಡೆ. ಅಳಿಸದೆ ಕಳಿಸಿದ್ದು ನನ್ನ ತಪ್ಪು. ಬರೆದದ್ದು ತಪ್ಪಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

೨೪ ಏಪ್ರಿಲ್, ಮಂಗಳವಾರ

ಭಯ್ಯಾ ಎರಡು ಕೆಲಸ ಹೇಳಿದ. ಬ್ಲಾಗನ್ನು ಪೂರ್ತಿ ಅಳಿಸಬೇಕು. ಬೇರೆ ಗಿರಾಕಿಯ ಮ್ಯಾಟರ್ ಪ್ರೆಸ್ಸಿನಲ್ಲಿ ಸೇರಿಕೊಂಡಿತು ಅಂತ ಭಾನುವಾರ ನಾನೇ ಹೇಳಬೇಕು. ಬರಹದಲ್ಲಿ ಯಾರ ಹೆಸರೂ ಇಲ್ಲವಲ್ಲ, ನಂಬುತ್ತಾರೆ ಅಂದ.

ನಿಜ, ನಂಬುತ್ತಾರೆ. ಹೊಟ್ಟೆ ಉರಿದದ್ದು ಅದಕ್ಕೇ. ಹೆಸರಿಲ್ಲದೆ ಬರೆಯುವುದೇ ದೊಡ್ಡ ಧೈರ್ಯ ಅಂದುಕೊಂಡಿದ್ದೆ. ಈಗ ಅದೇ ಅವನಿಗೆ ಅನುಕೂಲವಾಗಿದೆ.

ಅಮ್ಮಿ ಅತ್ತಳು. ಭಯ್ಯಾನ ಕಣ್ಣೂ ಕೆಂಪಾಗಿತ್ತು. ನಾವು ಮನೆಯಲ್ಲಿ ಆಡುವುದು ಉರ್ದು, ಸಿಟ್ಟು ಬಂದರೆ ಅವನಿಗೆ ಬೀದಿಯ ಕನ್ನಡ ಬರುತ್ತದೆ.

"ಇದು ನನ್ ಮದ್ವೆ ಕಣೇ. ನಿನ್ ಬ್ಲಾಗಲ್ಲ."

ಆ ಹುಡುಗಿಯನ್ನು ಅವನು ಮನಸಾರೆ ಇಷ್ಟಪಟ್ಟಿದ್ದಾನೆ. ನನಗೆ ಗೊತ್ತು. ಒಂದು ಗಳಿಗೆ ನನ್ನ ಮನಸ್ಸೂ ಅಲ್ಲಾಡಿತು. ಆದರೂ ಆಗಲ್ಲ ಅಂದೆ. ಅಬ್ಬಾ ಯಾರೋ ಗಿರಾಕಿಯ ಅಪ್ಪ ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

೨೬ ಏಪ್ರಿಲ್, ಗುರುವಾರ

ಬೆಳಿಗ್ಗೆ ಗುರುಪ್ರಕಾಶ್ ಸರ್ ಬೈದರು. ಇನ್ನು ಮೇಲೆ ನನ್ನ ಫೈಲುಗಳನ್ನು ತಾವೇ ನೋಡಿ ಕಳಿಸುತ್ತಾರಂತೆ. ನೋಡಲಿ. ಆಮೇಲೆ ಕರಿಬಸವಯ್ಯನವರ ಫೋನ್. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. "ಈಗ್ ಓದ್ದೆ ಕಣಮ್ಮ. ನಮ್ಮಣ್ಣನ ಮದ್ವೆಗೆ ಊದಿದ್ದು ಅವ್ರೇ," ಅಂದು ಇಟ್ಟುಬಿಟ್ಟರು.

ಅಬ್ಬಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇವತ್ತು ಬಳೆ ಅಂಗಡಿಗೆ ಊಟ ಒಯ್ದೆ. ಜೇಬಿನಿಂದ ಕಾರ್ಡ್ ತೆಗೆದು, ಓದು ಅಂದರು.

ಗಿರಾಕಿ ಇರಲಿಲ್ಲ. ಓದಿದೆ. ಊದುವುದು ಬಿಟ್ಟ ಹೊಸದರಲ್ಲಿ ಅವರು ಊಟದ ಮುಂದೆ ಕೂತು ನೀರಿನ ಲೋಟದ ಮೇಲೆ ಬೆರಳು ಆಡಿಸುತ್ತಿದ್ದರು ಅಂತ ಒಂದು ಸಾಲಿದೆ. ಅಲ್ಲಿಗೆ ಬಂದಾಗ ನಾಚಿಕೆಯಾಯಿತು, ಕದ್ದು ನೋಡಿದ್ದನ್ನು ಅವರಿಗೇ ಹೇಳುತ್ತಿದ್ದೇನಲ್ಲ ಅಂತ. ಆದರೂ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಜೇಬಿಗಿಟ್ಟರು.

"ಒಂದ್ ತಪ್ಪಿದೆ," ಅಂದರು. "ಇಪ್ಪತ್ತೆರಡಲ್ಲ, ಇಪ್ಪತ್ತಾರು ವರ್ಷ. ಸರಿ ಮಾಡು."

ಅಷ್ಟೇ. ಟಿಫನ್ ಕ್ಯಾರಿಯರ್ ಬಿಚ್ಚಿ ಊಟಕ್ಕೆ ಕೂತರು.

ನಾನು ಸೀದಾ ಸೈಬರ್‌ಗೆ. ಇಪ್ಪತ್ತಾರು ಮಾಡಿದೆ. ಕೆಳಗೆ ಮೊದಲ ಸಲ ಹೆಸರು ಹಾಕಿದೆ. ಫಿರ್ದೋಸ್, ಕ್ಲಾರಿಯೋನೆಟ್ ಬಾಬಾ ಜಾನ್ ಅವರ ಮಗಳು, ತುಮಕೂರು. ಪಬ್ಲಿಷ್ ಒತ್ತಿದೆ. ಪೇಜ್ ತೆರೆದುಕೊಳ್ಳಲು ಐದು ನಿಮಿಷ ಹಿಡಿಯಿತು. ಐದು ನಿಮಿಷವೂ ಖುಷಿಯಾಗಿದ್ದೆ.

೨೯ ಏಪ್ರಿಲ್, ಭಾನುವಾರ. ಬೆಳಿಗ್ಗೆ ೧೧

ಬಂದಿದ್ದಾರೆ. ಹೆಣ್ಣಿನ ತಂದೆ, ಜೊತೆಗೆ ಇಬ್ಬರು ಹಿರಿಯರು. ಮುಂದಿನ ಕೋಣೆಯಲ್ಲಿ ಕೂತಿದ್ದಾರೆ. ನಾನು ಅಡುಗೆಮನೆಯಲ್ಲಿ. ಚಹಾ ಕುದಿಯುವವರೆಗೆ ಬರೆಯುತ್ತಿದ್ದೇನೆ. ಪರದೆಯ ಆಚೆಯದೆಲ್ಲ ಕೇಳುತ್ತದೆ.

ಭಯ್ಯಾನೇ ಶುರು ಮಾಡಿದ. ಪ್ರೆಸ್ಸಿನವರ ಎಡವಟ್ಟಂತೆ. ಯಾರೋ ಗಿರಾಕಿಯ ಮ್ಯಾಟರಂತೆ. ನಾನು ಹೇಳಲ್ಲ ಅಂದದ್ದನ್ನು ಅವನೇ ಹೇಳಿ ಮುಗಿಸಿದ. ಸಲೀಸಾಗಿ ಹೇಳಿದ, ಪಾಪ, ರಾತ್ರಿಯೆಲ್ಲ ಉರು ಹೊಡೆದಿರಬೇಕು.

ಹೆಣ್ಣಿನ ತಂದೆ ಅಬ್ಬಾನನ್ನೇ ಕೇಳಿದರು. ಬಾಬಾ ಜಾನ್ ಸಾಹೇಬರೇ, ನೀವು ಹೇಳಿ, ಅಂದರು.

ಅಮ್ಮಿ ನನ್ನ ಭುಜ ಹಿಡಿದುಕೊಂಡಿದ್ದಾಳೆ.

ಚಹಾ ಉಕ್ಕಿತು. ಉಕ್ಕಲಿ.

ಅಬ್ಬಾ ಅಂದರು: "ಅದು ನನ್ ಕಥೆನೇ. ಬರ್ದೋಳು ನನ್ ಮಗ್ಳು. ನೀವು ಬೇರೆಯೋರ ಬಾಯಲ್ಲಿ ಕೇಳಿದೀರ, ಈಗ ಅವಳ ಬಾಯಲ್ಲಿ ಕೇಳಿ."

ಪರದೆ ಸರಿಯಿತು. ಭಯ್ಯಾ. ಬರಬೇಡ ಅಂತ ಕೈ ಮುಗಿಯುತ್ತಿದ್ದಾನೆ. ಅವನ ಬೆನ್ನ ಹಿಂದಿನಿಂದ ಅಬ್ಬಾ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಒಂದು ಸಲ. ಎರಡನೇ ಸಲ, ಇನ್ನೂ ಜೋರಾಗಿ.

ಬಂದೆ ಅಬ್ಬಾ ಅಂದೆ. ಭಯ್ಯಾ ಬಾಗಿಲು ಬಿಟ್ಟು ಕದಲುತ್ತಿಲ್ಲ. ಕದಲದಿದ್ದರೆ ಅವನನ್ನು ದಾಟಿಕೊಂಡೇ ಹೋಗುತ್ತೇನೆ.